ಕೆರೆಯ ಪುಸ್ತಕದಲ್ಲಿ ಒಂದು ತಿದ್ದುಪಡಿ

2006ರ ಪೊಂಗಲ್ ರಜೆಯಲ್ಲಿ ನಾನು ಮತ್ತು ಹನ್ನೆರಡರ ಮಗಳು ಪದ್ಮಾ ಮಾಂಬಲಂ ಸ್ಟೇಷನ್ನಿನಿಂದ ಹೊರಟೆವು. ಚೆಂಗಲ್ಪಟ್ಟಿಗೆ ಲೋಕಲ್ ರೈಲಿನಲ್ಲಿ ಒಂದೂವರೆ ಗಂಟೆ, ಮುಂದೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಡಬ್ಬಿಯಲ್ಲಿ ಮೊಸರನ್ನ. ಒಳ್ಳೆಯ ಬಿಸಿಲಿತ್ತೆಂದು ನನ್ನ ನೆನಪು, ಫೋಟೋದಲ್ಲಿ ಮೋಡವಿದೆ.

ಎರಡು ವರ್ಷ ಈಜುಕೊಳದಲ್ಲಿ ಕಲಿತ ಪದ್ಮಾಗೆ ಗೋಡೆಯಿಲ್ಲದ ನೀರು ಬೇಕಿತ್ತು. ನಾವು ಹೊರಟಿದ್ದ ಊರಿನ ಕೆರೆಯ ನಡುವೆ ಒಂದು ಬಂಡೆ. ಅಲ್ಲಿಯವರೆಗೆ ಈಜಬೇಕೆಂಬುದು ಅವಳ ಹಠ. ಆದರೆ ಈಜು ಬಲ್ಲ ದೊಡ್ಡವರು ಜೊತೆಗಿಲ್ಲದೆ ಅಲ್ಲಿ ಮಕ್ಕಳನ್ನು ದಡದ ಬಳಿ ಕಟ್ಟಿದ ಹಗ್ಗದಾಚೆ ಬಿಡುವುದಿಲ್ಲ. ನಾನಿದ್ದೇನಲ್ಲ ಎಂದಿದ್ದೆ. ಹುಡುಗನಾಗಿದ್ದಾಗ ಶ್ರೀರಂಗಪಟ್ಟಣದಲ್ಲಿ ಕಾವೇರಿ ದಾಟಿದವನು ನಾನು. ಹಾಗೆಂದು ಅವಳಿಗೆ ಎಷ್ಟು ಸಲ ಹೇಳಿದ್ದೇನೋ.

ಏರಿಯ ಮೇಲೆ ಗರಿಯ ಚಪ್ಪರ, ಒಬ್ಬರೇ ಹುಟ್ಟು ಹಾಕುವ ಕಯಾಕ್ ದೋಣಿಗಳು, ಕಿತ್ತಳೆ ಬಣ್ಣದ ಜಾಕೆಟ್ಟುಗಳು, ಬಂದವರು ವಿವರ ಬರೆಯುವ ಉದ್ದನೆಯ ಪುಸ್ತಕ. ‘ಈಜು ಬರುತ್ತದೆಯೇ?’ ಎಂಬಲ್ಲಿ ‘ಬರುತ್ತದೆ’ ಎಂದು ಬರೆದು ಸಹಿ ಹಾಕಿದೆ. ಯೋಚಿಸಿ ಬರೆಯಿರಿ ಎಂದು ವಿಮಾ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಜನರಿಗೆ ಹೇಳುವವನು ನಾನು.

ಕೆರೆ ನೋಡಿಕೊಳ್ಳುವ ಮುನುಸಾಮಿ ಅದೇ ನೀರಿನಲ್ಲಿ ಮೀನು ಹಿಡಿದು ಬೆಳೆದವರು. ಅವರು ಪುಸ್ತಕ ನೋಡಲಿಲ್ಲ. ಅವರ ಪರೀಕ್ಷೆಯೇ ಬೇರೆ: ಯಾರೇ ಬರಲಿ, ತಾವು ದಡದ ಮೇಲೆ ಮೂರನೆಯ ತಾಳೆಮರದವರೆಗೆ ನಡೆದು ವಾಪಸಾಗುವತನಕ ಸೊಂಟದಾಳದ ನೀರಿನಲ್ಲಿ ಅಂಗಾತ ತೇಲಬೇಕು. ಪದ್ಮಾ ಕಣ್ಣು ಮುಚ್ಚಿ ಹಾಯಾಗಿ ಮಲಗಿದಳು. ಅವರು ಮೊದಲ ಮರ ಮುಟ್ಟುವ ಮುಂಚೆಯೇ ನಾನು ನೀರು ಕುಡಿದು, ಕೆಮ್ಮುತ್ತ ಎದ್ದು ನಿಂತಿದ್ದೆ.

“ಪುಸ್ತಕ ಮುಳುಗಲ್ಲ ಸಾರ್, ನೀವು ಮುಳುಗ್ತೀರಿ,” ಎಂದರು ಮುನುಸಾಮಿ ತಮಿಳಿನಲ್ಲಿ.

ಮುಳುಗುವಾಗ ಬೆನ್ನು ಏನನ್ನೋ ಹುಡುಕಿತ್ತು. ಒಣಗಿದ ಸೋರೆಬುರುಡೆ. ಸೋದರಮಾವ ತೇಲಲೆಂದು ನನ್ನ ಬೆನ್ನಿಗೆ ಅದನ್ನು ಕಟ್ಟಿಯೇ ನದಿಗಿಳಿಸಿದ್ದರು. ಆಚೆ ದಡ ಮುಟ್ಟಿದ್ದೆನೇ? ಈಗ ಅದೂ ಖಚಿತವಿಲ್ಲ.

ಪದ್ಮಾ ಬಂಡೆಯನ್ನೇ ನೋಡುತ್ತಿದ್ದಳು. ಸದಾ ತಮಿಳಿನಲ್ಲಿ ಉತ್ತರಿಸುವವಳು ಕನ್ನಡದಲ್ಲಿ ಕೇಳಿದಳು: “ಅಪ್ಪಾ, ಕಾವೇರಿ?”

“ಬೆನ್ನಿಗೆ ಬುರುಡೆ ಕಟ್ಟಿದ್ರು.”

“ಅದನ್ನ ಯಾಕೆ ಹೇಳ್ಲಿಲ್ಲ?”

ಮರೆತಿದ್ದೆ ಎಂದೆ.

ನೀವೇ ಇವಳ ಜೊತೆ ಹೋಗಿ ಎಂದು ಮುನುಸಾಮಿಯವರನ್ನು ಕೇಳಿಕೊಂಡೆ. ನೀರಿನಲ್ಲಿ ಜನ ಇರುವಾಗ ದಡ ಬಿಡುವಂತಿಲ್ಲ ಎಂದರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಏರಿ ಹತ್ತಿದ ಮೇಲೆ ತಾವೇ ಬಂದು ಕರೆದರು. ಆದರೆ ಮೊದಲು ಪುಸ್ತಕ ಸರಿಯಾಗಬೇಕು. ‘ಬರುತ್ತದೆ’ ಹೊಡೆದುಹಾಕಿ ‘ಬರುವುದಿಲ್ಲ’ ಎಂದು ಬರೆದೆ; ತಿದ್ದಿದಲ್ಲಿ ಸಹಿ ಹಾಕುವ ಕಚೇರಿಯ ಅಭ್ಯಾಸ, ಹಾಕಿದೆ. ಯಾರೂ ಕೇಳದಿದ್ದರೂ ಪದ್ಮಾ ಪೆನ್ನು ಕಸಿದುಕೊಂಡು ಕೆಳಗೆ ತಮಿಳಿನಲ್ಲಿ ತನ್ನ ಹೆಸರು ಬರೆದಳು.

ಇಬ್ಬರೂ ಅಕ್ಕಪಕ್ಕ ಈಜಿದರು. ಜಾಕೆಟ್ ಬಿಗಿದುಕೊಂಡು ನಾನು ಕಯಾಕ್‌ನಲ್ಲಿ ಹಿಂದೆ ಹೊರಟೆ. ಅದು ನಿಂತಲ್ಲೇ ಸುತ್ತುತ್ತಿತ್ತು. ತಲೆಯೆತ್ತಿದಾಗ ಅವಳು ಬಂಡೆಯ ಮೇಲಿದ್ದಳು.

“ಮೆದುವಾ ವಾಪ್ಪಾ,” ಎಂದಳು. ನಿಧಾನವಾಗಿ ಬಾ ಅಂತ.

ವಾಪಸು ಬರುವ ಬಸ್ಸಿನ ಕಿಟಕಿಯಿಂದ ನೋಡಿದರೆ ಬಂಡೆ ದಡಕ್ಕೆ ತೀರ ಹತ್ತಿರವೆನಿಸಿತು. ಎಷ್ಟು ದೂರವಿತ್ತೆಂದು ಪದ್ಮಾಳನ್ನೇ ಕೇಳಿ, ಅವಳು ಹೇಳಿದ್ದನ್ನು ಟಿಕೆಟ್ಟಿನ ಹಿಂದೆ ಬರೆದುಕೊಂಡೆ.