ಬಾಡಿಗೆ ಕೋಣೆಯ ತೊಟ್ಟಿಲು

ಗೆಳೆಯರೇ, ನಮ್ಮ ಹೊಸಪೇಟೆ ಮನೆಯ ರಿಪೇರಿ ಮುಗಿಯುವವರೆಗೆ ಸಾಮಾನಿಡಲು ಬಾಡಿಗೆಗೆ ಹಿಡಿದ ಶಟರ್ ಕೋಣೆಯನ್ನು ಇವತ್ತು ಜೋಡಿಸಲು ಹೋಗಿದ್ದೆವು. ಕಾಲಿಡಲೂ ಜಾಗವಿರಲಿಲ್ಲ. ಯಾವ ಹಳೆಯ ವಸ್ತು ಎತ್ತಿದರೂ ನಮ್ಮ ಅತ್ತೆ, "ಅದನ್ನ ಯಾರಿಗೂ ಕೊಡಬ್ಯಾಡವ್ವಾ, ಮುಂದ ಬೇಕಾಗ್ತೈತಿ" ಎನ್ನುತ್ತಿದ್ದರು.

ಅಷ್ಟರಲ್ಲಿ ಅಳುವ ಹಸುಗೂಸನ್ನು ಎತ್ತಿಕೊಂಡ ಹೆಂಗಸೊಬ್ಬಳು ಇದು ಅಂಗಡಿಯೆಂದುಕೊಂಡು ಒಳಗೆ ಬಂದಳು. ನನ್ನ ಗಂಡ ಕೂಸಾಗಿದ್ದಾಗ ಮಲಗುತ್ತಿದ್ದ ಹಳೆಯ ತೊಟ್ಟಿಲು ತೋರಿಸಿ, "ಅಮ್ಮಾ, ಇದು ಎಷ್ಟಕ್ಕ ಕೊಡ್ತೀರಿ?" ಎಂದಳು.

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಕೂಸನ್ನು ಇಸಿದುಕೊಂಡು ತೊಟ್ಟಿಲಲ್ಲಿ ಮಲಗಿಸಿ ತೂಗಿದರು. ಅಳು ನಿಂತಿತು.

"ರೊಕ್ಕ ಯಾಕವ್ವಾ? ಹಂಗ ಒಯ್ಯಿ" ಎಂದರು.

ತೊಟ್ಟಿಲು ಆಟೋದಲ್ಲಿ ಹೋಯಿತು. ಸಂಜೆ ನಾನು ಶಟರ್ ಎಳೆಯಲು ಹೋದರೆ ಅತ್ತೆ ತಡೆದರು: "ಸ್ವಲ್ಪ ತಡಿಯವ್ವಾ, ಇನ್ನೊಬ್ಬ ಗಿರಾಕಿ ಬರಬಹುದು!"