ಕರು ಮೊದಲೇ ಮನೆಗೆ ಬಂದ ಕಥೆ

ಗೆಳೆಯರೇ, ಇವತ್ತು ಅಣ್ಣನ ಮಗಳು ವೇದಾಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಕೀಲ್ಪಾಕಿನ ಶಾಲೆಗೆ ಕರೆದುಕೊಂಡು ಹೋಗಿದ್ದೆ. ಹೈಸ್ಕೂಲು ಅರ್ಧಕ್ಕೆ ಬಿಟ್ಟವನಾದರೂ ಅವಳಿಗೆ ಮನೆಪಾಠ ಹೇಳಿದವನು ನಾನೇ.

ಹೆಡ್‌ಮಿಸ್ಟ್ರೆಸ್ಸು ನಾಲ್ಕು ಚಿತ್ರ ಕೊಟ್ಟು, ಕಥೆ ನಡೆದ ಹಾಗೆ ಜೋಡಿಸು ಎಂದರು. ಕರು ಹಗ್ಗ ಬಿಚ್ಚಿಕೊಳ್ಳುತ್ತದೆ, ಬೀದಿಗೆ ಓಡುತ್ತದೆ, ದಾರಿ ತಪ್ಪುತ್ತದೆ, ಕೊನೆಗೆ ತಾಯಿಯನ್ನು ಸೇರುತ್ತದೆ. ವೇದಾ, ಹಸು ಕರುವನ್ನು ನೆಕ್ಕುತ್ತಿರುವ ಚಿತ್ರವನ್ನೇ ಮೊದಲು ಇಟ್ಟಳು.

"ಹೀಗೆ ಯಾರು ಹೇಳಿಕೊಟ್ಟದ್ದು?" ಎಂದು ಅವರು ತಮಿಳಿನಲ್ಲಿ ಕೇಳಿದರು.

ಮಗು ಹೆದರಿದೆ ಎಂದಿದ್ದರೆ ಸಾಕಿತ್ತು. ಸುಳ್ಳು ಬಾಯಿಗೆ ಬರಲಿಲ್ಲ.

"ನಮ್ಮಮ್ಮ, ಮೇಡಂ. ಕರು ಕಳೆದುಹೋಯ್ತು ಅಂದ್ರೆ ಇವಳು ಅಳ್ತಾ ಊಟ ಬಿಡ್ತಾಳೆ. ಅದಕ್ಕೇ ತುತ್ತು ತಿನ್ನಿಸುವಾಗ ಅಮ್ಮ ಕಥೆಯ ಕೊನೆಯನ್ನ ಮೊದಲೇ ಹೇಳಿಬಿಡ್ತಾರೆ."

"ಕನ್ನುಕುಟ್ಟಿ ವಂದಾಚ್ಚು, ಇನಿ ಭಯಮಿಲ್ಲೆ" ಎಂದಳು ವೇದಾ. ಕರು ಬಂದಾಯಿತು, ಇನ್ನು ಭಯವಿಲ್ಲವಂತೆ. ಆಮೇಲೆ ಉಳಿದ ಮೂರನ್ನೂ ತಪ್ಪಿಲ್ಲದೆ ಜೋಡಿಸಿದಳು. ಹೆಡ್‌ಮಿಸ್ಟ್ರೆಸ್ಸು ನಕ್ಕು, ಮೊದಲ ಚಿತ್ರವನ್ನು ತಾವೇ ಕೊನೆಗೆ ಸರಿಸಿ, ಸೋಮವಾರದಿಂದ ಕಳಿಸಿ ಎಂದರು.

ಪುರಸೈವಾಕ್ಕಂನ ಮನೆ ಮುಂದೆ ನಾವು ಜಟಕಾ ಇಳಿಯುವ ಮೊದಲೇ ಅತ್ತಿಗೆ ಬಾಗಿಲಿಗೆ ಬಂದಿದ್ದರು. ನಾನು ಕ್ರಮವಾಗಿ ಶುರುಮಾಡಿದೆ: "ಮೊದಲು ಮೇಜಿನ ಮೇಲೆ ನಾಲ್ಕು ಚಿತ್ರ ಇಟ್ರು..."

"ಅಯ್ಯೋ, ನಿನ್ನ ಪುರಾಣ ಆಮೇಲಿರಲಿ! ಸೀಟು ಸಿಕ್ತಾ ಇಲ್ವಾ, ಅದನ್ನ ಹೇಳು ಮೊದ್ಲು."

ವೇದಾ ನನ್ನ ಮುಖ ನೋಡಿದಳು. ಆ ನಾಲ್ಕು ಚಿತ್ರ ಕೊಟ್ಟರೆ ಅತ್ತಿಗೆಗೆ ಒಂದನೇ ಕ್ಲಾಸಿನಲ್ಲಿ ಸೀಟು ಸಿಗುವುದು ಕಷ್ಟ.