ಅವ್ವ ರೋಬೋ ಮಂಡಿಯನ್ನು ನಡೆಸಿ ನೋಡಿದ್ದು

ಕಳೆದ ವಾರ ಮಂಡ್ಯದ ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ ನಮ್ಮವ್ವ ಇಬ್ಬರು ಪೇಷೆಂಟುಗಳನ್ನು ಸಂತೆಯಲ್ಲಿ ಎತ್ತು ನಡೆಸಿದ ಹಾಗೆ ನಡೆಸಿದಳು. ಡಾಕ್ಟರು ಪಕ್ಕದಲ್ಲೇ ನಿಂತಿದ್ದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. (ಮತ್ತೇನು ಮಾಡಲಿ?)

ಆಗಿದ್ದಿಷ್ಟು. ಕೆರಗೋಡಿನ ಗದ್ದೆ ಬದುವಿನ ಮೇಲೆ ಓಡಾಡಿಕೊಂಡಿದ್ದ ಅವ್ವನ ಬಲಮಂಡಿ ಪೂರ್ತಿ ಸವೆದಿದೆ. ಈಗ ಜಗಲಿ ಇಳಿಯುವುದಕ್ಕೂ ಆಗದು. ಮಂಡಿ ಬದಲಾಯಿಸಬೇಕು ಎಂದ ಡಾಕ್ಟರು, ಬೇಕಿದ್ದರೆ ರೋಬೋ ಸಹಾಯದಿಂದಲೂ ಮಾಡಬಹುದು, ಖರ್ಚು ಮಾತ್ರ ಜಾಸ್ತಿ ಎಂದರು. "ರೋಬೋನೇ ಇರಲಿ ಸರ್," ಅಂದುಬಿಟ್ಟೆ. ಫೋನ್ ಕೊಳ್ಳುವಾಗಲೂ ನಾನು ಹೀಗೇ.

ಅವ್ವ ಬಿಡಬೇಕಲ್ಲ!

"ಕುಯ್ಯೋದು ಅದೋ, ನೀವೋ?"

"ನಾನೇ ಅಮ್ಮ. ಅದು ಅಳತೆ ತೋರಿಸುತ್ತೆ, ನನ್ನ ಕೈ ಆಚೀಚೆ ಹೋಗದ ಹಾಗೆ ತಡೆಯುತ್ತೆ."

"ಮದ್ಯದಲ್ಲಿ ಕರೆಂಟ್ ಓದ್ರೆ?"

"ಬ್ಯಾಕಪ್ ಇದೆ. ಅದೂ ಕೆಟ್ಟರೆ ಕೈಯಲ್ಲೇ ಮುಗಿಸ್ತೀನಿ."

"ಅಂಗಾದ್ರೆ ರೋಬೋದಲ್ಲಿ ಮಾಡ್ಸ್‌ಕೊಂಡೋರು ಒಬ್ರ್ನ, ಕೈಯಲ್ಲಿ ಮಾಡ್ಸ್‌ಕೊಂಡೋರು ಒಬ್ರ್ನ ನಡೆಸಿ ತೋರ್ಸಿ."

ನಾಲ್ಕು ಹೆಜ್ಜೆ ನಡೆಸಿ ನೋಡದೆ ಅವಳು ಯಾವ ಎತ್ತಿನ ಹಗ್ಗವನ್ನೂ ಹಿಡಿದವಳಲ್ಲ. ಅವತ್ತು ಚೆಕಪ್‌ಗೆ ಬಂದಿದ್ದವರಲ್ಲಿ ನರ್ಸ್ ಅಂಥ ಇಬ್ಬರನ್ನು ಹುಡುಕಿದಳು; ಹೊಳಲಿನ ಯಜಮಾನರೂ ಗುತ್ತಲಿನ ಟೀಚರಮ್ಮನೂ, ಯಾರದು ಯಾವುದೆಂದು ಹೇಳದೆ, ಖುಷಿಯಾಗಿಯೇ ಒಪ್ಪಿದರು. ಹೋದರು, ತಿರುಗಿದರು, ಬಂದರು. ಅವ್ವ ಬೆಂಚಿನ ಮೇಲೆ ಕೂತು ಅವರ ಪಾದಗಳನ್ನೇ ನೋಡಿದಳು. ಇನ್ನೊಂದು ರೌಂಡ್ ಅಂದಳು. ನರ್ಸುಗಳು ಸೇರಿದರು. ವಾಚ್‌ಮನ್ ಯಜಮಾನರ ಪಾರ್ಟಿಯಾದ.

"ನಂಗೇನೂ ಗೊತ್ತಾಗ್ನಿಲ್ಲ. ನೀವೇಳಿ ಡಾಕ್ಟ್ರೇ, ಇವ್ರಲ್ಲಿ ರೋಬೋ ಮಂಡಿ ಯಾರ್ದು?"

ಡಾಕ್ಟರು ಯಜಮಾನರತ್ತ ಕೈ ತೋರಿಸಿದರು.

"ನಂದಲ್ಲ ಸಾ," ಅಂದರು ಯಜಮಾನರು, "ನಂಗೆ ನೀವು ಕೈಯಲ್ಲೇ ಮಾಡಿದ್ದು!"

ಡಾಕ್ಟರು (ಒಳ್ಳೆಯವರು) ನಕ್ಕುಬಿಟ್ಟರು. "ಇಬ್ಬರನ್ನು ನೋಡಿ ತೀರ್ಮಾನ ಮಾಡೋಕಾಗಲ್ಲ ಅಮ್ಮ. ಅಳತೆಯೇನೋ ರೋಬೋದಲ್ಲಿ ಚೊಕ್ಕವಾಗಿ ಬರುತ್ತೆ. ಆದರೆ ನಿಮ್ಮ ಮಂಡಿಗೆ ಎರಡೂ ಆಗುತ್ತೆ."

"ಕೈಯಲ್ಲೇ ಮಾಡ್ಬುಡಿ."

ನಾನು ಅವ್ವನನ್ನು ಪಕ್ಕಕ್ಕೆ ಕರೆದೆ. ನಿಜ ಹೇಳಿಬಿಡುತ್ತೇನೆ, ನನಗೆ ಭಯವಾಗಿತ್ತು. ನಾಳೆ ಏನಾದರೂ ಹೆಚ್ಚುಕಮ್ಮಿಯಾದರೆ ಮಗ ದುಡ್ಡಿನ ಮುಖ ನೋಡಿದ ಅಂತ ಊರು ಅನ್ನದೆ ಬಿಟ್ಟೀತೇ? "ರೋಬೋದಲ್ಲೇ ಮಾಡಿಸ್ಕೊ ಕಣವ್ವ, ಒಂದು ಧೈರ್ಯ ಇರ್ತದೆ."

ಅವ್ವ ನನ್ನ ಮುಖವನ್ನೇ ನೋಡಿದಳು.

"ಮಂಡಿ ನಂದು, ಬಯ ನಿಂದು. ರೋಬೋನ ನೀನೇ ಆಕಿಸ್ಕೊ ಓಗ್ಲಾ."

ಆಪರೇಷನ್ ಸೋಮವಾರ, ಕೈಯಲ್ಲೇ. ಅವ್ವ ಆರಾಮಾಗಿ ನಿದ್ದೆ ಮಾಡುತ್ತಿದ್ದಾಳೆ. ಓದುಗರೇ, ನನ್ನ ಭಯ ತೆಗೆಯುವ ಮಷೀನು ಯಾವ ಆಸ್ಪತ್ರೆಯಲ್ಲಿದೆ?